ಗಾಬ್ಲಿನ್‌ಗೂ ಅದೇ ನಿಯಮ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಲ್ಪನೆಯ ಸಾಹಸಕ್ಕೆ ಇಳಿಯುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟ ಆಡಿಸಲು ಕೂತವರ ಸಂಜೆ ಹಾಳಾಗಲು ಡ್ರ್ಯಾಗನ್ನೇ ಬರಬೇಕೆಂದಿಲ್ಲ, ನಿಯಮ ಪುಸ್ತಕದಲ್ಲಿ ಎರಡು ಬಗೆಯಲ್ಲಿ ಓದಬಹುದಾದ ಒಂದು ಸಾಲು ಸಾಕು. ನಮ್ಮದು ಮಂಗಳೂರಿನ ಬಿಜೈಯ ಒಂದು ಮಹಡಿ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಗುಂಪು. ಡಿಎಂ ಕುರ್ಚಿ, ಅಂದರೆ ಕಥೆ ನಡೆಸಿ ನಿಯಮದ ತೀರ್ಪು ಕೊಡುವವನ ಜಾಗ, ನನ್ನದು. ಎದುರಿಗೆ ಕೂರುವವರಲ್ಲಿ ಒಬ್ಬರು ನಿಜವಾದ ವಕೀಲರು, ಇನ್ನೊಬ್ಬರು ಹವ್ಯಾಸಕ್ಕೆ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು, ಉಳಿದವರು ಸುರತ್ಕಲ್ ಕಡೆಯ ಇಂಜಿನಿಯರಿಂಗ್ ಹುಡುಗ ಹುಡುಗಿಯರು. ನಿಯಮದ ಮೇಲೆ ಜಗಳ ಕಾಯಲು ಇನ್ನೆಂಥ ಸೈನ್ಯ ಬೇಕು?

ಎಲ್ಲಕ್ಕಿಂತ ದೊಡ್ಡ ಗಲಾಟೆ ಎದ್ದದ್ದು ಅದೃಶ್ಯರನ್ನು ಕಾಣಿಸುವ ‘ಸೀ ಇನ್ವಿಸಿಬಿಲಿಟಿ’ ಎಂಬ ಸ್ಪೆಲ್ (ಮಂತ್ರ) ವಿಷಯಕ್ಕೆ. ಆಗ ನಾವು ಆಡುತ್ತಿದ್ದದ್ದು ಐದನೇ ಆವೃತ್ತಿಯ 2014ರ ಪುಸ್ತಕದಿಂದ. ಅದರಲ್ಲಿ ಅದೃಶ್ಯರಾದವರ ಬಗ್ಗೆ ಬಿಡಿಬಿಡಿಯಾಗಿ ಎರಡು ಮಾತುಗಳಿವೆ. ಮಂತ್ರದ ಸಹಾಯವೋ ವಿಶೇಷ ದೃಷ್ಟಿಯೋ ಇಲ್ಲದೆ ಅವರು ಕಾಣುವುದಿಲ್ಲ ಎಂಬುದು ಒಂದು. ಅವರ ಮೇಲೆ ಬೀಸಿದ ಏಟಿಗೆ ಡಿಸ್‌ಅಡ್ವಾಂಟೇಜ್, ಅವರು ಬೀಸಿದ ಏಟಿಗೆ ಅಡ್ವಾಂಟೇಜ್ ಎಂಬುದು ಇನ್ನೊಂದು. ಎರಡರಲ್ಲೂ ಹಾಕುವುದು ಎರಡು ಡೈಸ್; ಮೊದಲನೆಯದರಲ್ಲಿ ಕಡಿಮೆ ಬಂದದ್ದು ಲೆಕ್ಕ, ಎರಡನೆಯದರಲ್ಲಿ ಹೆಚ್ಚು ಬಂದದ್ದು. ನಮ್ಮ ವಿಝರ್ಡ್ (ಮಂತ್ರವಾದಿ) ಪಾತ್ರದ ಹುಡುಗಿ ಸ್ಪೆಲ್ ಹಾಕಿದಳು, ಅದೃಶ್ಯನಾಗಿದ್ದ ಶತ್ರು ಅವಳಿಗೆ ಕಂಡ. ಅವಳು ಏಟಿಗೆಂದು ಇಪ್ಪತ್ತು ಮುಖದ ಡೈಸ್ ಡಿ20 ಉರುಳಿಸಬೇಕು ಅನ್ನುವಷ್ಟರಲ್ಲಿ ವಕೀಲರು ಕೈ ಅಡ್ಡ ಹಿಡಿದರು. “ಎರಡು ಡೈಸ್ ಹಾಕಮ್ಮ, ಕಡಿಮೆ ಬಂದದ್ದು ಲೆಕ್ಕ. ಕಾಣುವುದು ಕಾಣದಿರುವುದು ಒಂದನೇ ಸಾಲಿನ ವಿಷಯ. ಎರಡನೇ ಸಾಲು ಕಣ್ಣಿನ ಸುದ್ದಿಯನ್ನೇ ಎತ್ತಿಲ್ಲ.” ತಮ್ಮದೇ ತಂಡದ ವಿರುದ್ಧ ವಾದಿಸುತ್ತಿದ್ದೇವೆ ಎಂಬ ಪರಿವೆ ಅವರಿಗಿರಲಿಲ್ಲ. ವಾದ ಗೆದ್ದರೆ ಸಾಕು.

ಅಕ್ಷರ ಹಿಡಿದು ಓದಿದರೆ ಅವರು ಹೇಳಿದ್ದು ಸರಿಯೇ. ನಾನು ಕೇಳಿದ್ದು ಇಷ್ಟೇ: ಹಾಗಾದರೆ ಈ ಸ್ಪೆಲ್‌ಗೆ ಉಳಿದ ಕೆಲಸ ಏನು? ಮೂರನೇ ಲೆವೆಲ್‌ನ ವಿಝರ್ಡ್ ಬಳಿ ಎರಡನೇ ಲೆವೆಲ್ ಸ್ಲಾಟ್, ಅಂದರೆ ಈ ಮಟ್ಟದ ಸ್ಪೆಲ್ ಹಾಕುವ ಅವಕಾಶ, ಇರುವುದೇ ಎರಡು. ಅದರಲ್ಲಿ ಒಂದನ್ನು ಸುಟ್ಟು ಕಣ್ಣು ತೆರೆಸಿಕೊಂಡವಳು ಮತ್ತೆ ಕುರುಡಿಯ ಹಾಗೆ ಬೀಸಬೇಕೇ? ವಕೀಲರು ಬಿಡಲಿಲ್ಲ. ಗುರಿ ಕಣ್ಣಿಗೆ ಬಿದ್ದರೆ ಮಾತ್ರ ಹಾಕಬಹುದಾದ ಸ್ಪೆಲ್‌ಗಳು ಬೇಕಾದಷ್ಟಿವೆ, ಅವನ್ನು ಹಾಕಬಹುದಲ್ಲ ಎಂದರು. ಅದೂ ನಿಜ. ಆದರೆ ಎದುರಿಗೆ ಮಾಮೂಲಿನಂತೆ ಕಾಣುವವನ ಮೇಲೆ ಏಟು ಯಾಕೆ ತಪ್ಪಬೇಕು ಎಂಬುದಕ್ಕೆ ಅವರ ಬಳಿ ಸಾಲು ಇತ್ತು, ಕಾರಣ ಇರಲಿಲ್ಲ. ಕಂಡವರ ಮುಂದೆ ಅದೃಶ್ಯದ ಲಾಭ ಇಲ್ಲ ಎಂದು ತೀರ್ಪು ಕೊಟ್ಟೆ. 2024ರ ಪರಿಷ್ಕೃತ ಪುಸ್ತಕದಲ್ಲಿ ಅದೇ ಮಾತನ್ನು ಸೇರಿಸಿದ್ದಾರೆ. ಓದಿದಾಗ ನಾನು ಹಿಗ್ಗಲಿಲ್ಲ ಎಂದರೆ ಸುಳ್ಳಾದೀತು.

ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಿಕೊಂಡು ಹೋಗುವುದನ್ನು ಈಗ ಬಿಟ್ಟಿದ್ದೇನೆ. ಯಾವ ಓದು ಒಪ್ಪಿದರೆ ಉಳಿದ ಸ್ಪೆಲ್‌ಗಳಿಗೂ ಬೆಲೆ ಉಳಿಯುತ್ತದೆ ಎಂದು ನೋಡುತ್ತೇನೆ. ಅದರಲ್ಲೂ ಇತ್ಯರ್ಥ ಆಗದಿದ್ದರೆ ಗಾಬ್ಲಿನ್ ಪ್ರಶ್ನೆ: ಇದೇ ಓದು ಹಿಡಿದುಕೊಂಡು ನಾಳೆ ಗಾಬ್ಲಿನ್ (ನಾನು ಆಡಿಸುವ ಪುಟ್ಟ ರಾಕ್ಷಸ) ನಿಮ್ಮ ಮೇಲೆ ಬಂದರೆ ನಿಮಗೆ ಒಪ್ಪಿಗೆಯಾ?

ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡಿದ್ದು ‘ಕ್ರಿಯೇಟ್ ಆರ್ ಡೆಸ್ಟ್ರಾಯ್ ವಾಟರ್’ ವಿಷಯದಲ್ಲಿ. ಒಂದನೇ ಲೆವೆಲ್ ಸ್ಪೆಲ್, ತೆರೆದ ಪಾತ್ರೆಯೊಳಗೆ ಹತ್ತು ಗ್ಯಾಲನ್ ನೀರು ಬರಿಸಬಹುದು. ಅಂದರೆ ಸುಮಾರು 38 ಲೀಟರ್. ನಮ್ಮ ಕ್ಲೆರಿಕ್ (ಪುರೋಹಿತ) ಪಾತ್ರದ ಹುಡುಗ ಯೋಚಿಸಿ ಯೋಚಿಸಿ ಕೊನೆಗೆ ಕೇಳಿದ: “ಅಣ್ಣ, ಶ್ವಾಸಕೋಶ ಕೂಡ ತೆರೆದ ಪಾತ್ರೆಯೇ ಅಲ್ವಾ? ಬಾಯಿ ತೆರೆದೇ ಉಂಟಲ್ಲ?” ಇಡೀ ಮೇಜು ನಕ್ಕಿತು. ನಾನು ಬೇಡ ಅನ್ನಲಿಲ್ಲ. “ಆಗಲಿ, ಮುಂದಿನ ಗುಹೆಯಲ್ಲಿ ಗಾಬ್ಲಿನ್ ಪೂಜಾರಿ ಇದ್ದಾನೆ, ಅವನಿಗೂ ಈ ಸ್ಪೆಲ್ ಗೊತ್ತು” ಎಂದೆ. ಹುಡುಗ ತನ್ನ ಪಾತ್ರದ ಶೀಟ್ ನೋಡಿದ, ಹಿಟ್ ಪಾಯಿಂಟ್ (ಉಳಿದ ಜೀವದ ಅಂಕ) ನೋಡಿದ. “ಬೇಡ ಬಿಡಿ, ಎಂಥ ಸಾವು ಮಾರಾಯ್ರೆ” ಎಂದು ತಾನೇ ಹಿಂದೆ ಸರಿದ. ನಿಯಮಗಳು ಭೌತಶಾಸ್ತ್ರ ಅಲ್ಲ, ಅವನ್ನು ಸದುದ್ದೇಶದಿಂದ ಓದಬೇಕು ಎಂದು 2024ರ ಡಿಎಂ ಕೈಪಿಡಿಯಲ್ಲೇ ಹೇಳಿದ್ದಾರೆ. ಆದರೆ ಪುಸ್ತಕದ ಉಪದೇಶಕ್ಕಿಂತ ಗಾಬ್ಲಿನ್ ಪೂಜಾರಿಯ ಮಾತಿಗೆ ತೂಕ ಹೆಚ್ಚು.

ಅಸ್ಪಷ್ಟ ನಿಯಮ ಬೇರೆ, ಅಸಂಬದ್ಧ ನಿಯಮ ಬೇರೆ. ಲಾಂಗ್‌ಬೋ (ಉದ್ದ ಬಿಲ್ಲು) ಗುರಿ 150 ಅಡಿ ದಾಟಿದರೆ ಡಿಸ್‌ಅಡ್ವಾಂಟೇಜ್. 200 ಅಡಿ ದೂರದ ಶತ್ರು ಮಂಜು ಕವಿಸುವ ‘ಫಾಗ್ ಕ್ಲೌಡ್’ ಸ್ಪೆಲ್ ಒಳಗೆ ಹೊಕ್ಕರೆ ಏನಾಗಬೇಕು? ನಿಮಗೆ ಅವನು ಕಾಣುವುದಿಲ್ಲ, ಅದೊಂದು ಡಿಸ್‌ಅಡ್ವಾಂಟೇಜ್. ಅವನಿಗೆ ನೀವು ಕಾಣುವುದಿಲ್ಲ, ಆದ್ದರಿಂದ ನಿಮಗೆ ಅಡ್ವಾಂಟೇಜ್. ಒಂದು ಅಡ್ವಾಂಟೇಜ್ ಇದ್ದರೆ ಎಷ್ಟೇ ಡಿಸ್‌ಅಡ್ವಾಂಟೇಜ್ ಇದ್ದರೂ ಎಲ್ಲವೂ ವಜಾ. ಹಾಗಾಗಿ ಬಯಲಲ್ಲಿ ನಿಂತವನಿಗಿಂತ ಮಂಜಿನಲ್ಲಿ ಮುಳುಗಿದವನಿಗೆ ಬಾಣ ತಾಗಿಸುವುದೇ ಸುಲಭ! ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿದ ಯಾರೂ ಇದನ್ನು ನಂಬಲಿಕ್ಕಿಲ್ಲ. ಇಲ್ಲಿ ಸಾಲುಗಳೆಲ್ಲ ಸ್ಪಷ್ಟವಾಗಿಯೇ ಇವೆ, ಓದುವುದರಲ್ಲಿ ಎರಡು ದಾರಿ ಇಲ್ಲ. ಅದಕ್ಕೇ ವ್ಯಾಖ್ಯಾನದ ಸೋಗು ಹಾಕದೆ, “ಇದು ನಮ್ಮ ಮನೆ ನಿಯಮ” ಎಂದು ಹೇಳಿಯೇ ಬದಲಿಸಿದೆ. ದೂರದ ಡಿಸ್‌ಅಡ್ವಾಂಟೇಜ್ ಮಂಜಿನ ಲೆಕ್ಕದಲ್ಲಿ ವಜಾ ಆಗುವುದಿಲ್ಲ. ಆಟದ ನಡುವೆ ಅಲ್ಲ, ಆಟ ಶುರುವಾಗುವ ಮೊದಲೇ ಹೇಳಿದ್ದು.

ಇನ್ನು ಕೆಲವು ಪದಗಳನ್ನು ಬೇಕೆಂದೇ ಸಡಿಲ ಬಿಟ್ಟಿರುತ್ತಾರೆ. ಎದುರಿನವನು ನಾವು ಹೇಳಿದ್ದನ್ನು ಮಾಡುವಂತೆ ಒಲಿಸುವ ‘ಸಜೆಷನ್’ ಸ್ಪೆಲ್‌ನಲ್ಲಿ, ಹೇಳಿದ್ದು ಕೇಳುವವನಿಗೆ ನ್ಯಾಯವೆನಿಸುವಂತಿರಬೇಕು ಎಂದು 2014ರ ಪುಸ್ತಕ. ಯಾವುದು ನ್ಯಾಯ? ಇಲ್ಲಿ ನಾನು ನಿಯಮ ಬಿಡಿಸಲು ಹೋಗುವುದೇ ಇಲ್ಲ, ಮಾತು ಆಡಿ ತೋರಿಸಿ ಎನ್ನುತ್ತೇನೆ. ಪದ್ಯ ಭಾಗವತರದ್ದು, ಅರ್ಥ ನಿಮ್ಮದು. ಬಾರ್ಡ್ (ಹಾಡುಗಾರ) ಪಾತ್ರ ಆಡುವ ನಮ್ಮ ಅರ್ಥಧಾರಿಗಳಿಗೆ ಇದಕ್ಕಿಂತ ಏನು ಬೇಕು? ಕೋಟೆ ಬಾಗಿಲ ಕಾವಲುಗಾರನ ಕಡೆ ತಿರುಗಿ, ಧ್ವನಿ ಇಳಿಸಿ, “ರಾತ್ರಿಯಿಡೀ ನಿಂತಿದ್ದೀರಿ ಅಣ್ಣ, ಕಾಲು ಸೋತಿರಬೇಕು. ಕೀಲಿ ಇಲ್ಲಿ ಕೊಟ್ಟು ಒಂದು ಚಾ ಕುಡಿದು ಬನ್ನಿ, ನಾವು ನೋಡಿಕೊಳ್ತೇವೆ” ಎಂದರು. ಇದನ್ನು ನ್ಯಾಯವಲ್ಲ ಎನ್ನುವ ಧೈರ್ಯ ನನಗಾಗಲಿಲ್ಲ. ಕಾವಲುಗಾರ ಸ್ಪೆಲ್ ತಡೆದುಕೊಳ್ಳುತ್ತಾನೋ ನೋಡಲು ಸೇವ್ ಡೈಸ್ ಉರುಳಿಸಿದೆ, ಅವನು ಸೋತ. ಒಂದೆರಡು ವಾಕ್ಯ ಮೀರಬಾರದು ಎಂದು ಆ ಸ್ಪೆಲ್‌ನಲ್ಲೇ ಇರುವುದು ಪುಣ್ಯ, ಇಲ್ಲವಾದರೆ ಬೆಳಗಿನವರೆಗೂ ಎಳೆಯುತ್ತಿದ್ದರು.

ಉಳಿದದ್ದು ಬರೀ ವ್ಯವಸ್ಥೆ. ತಕರಾರು ಎದ್ದರೆ ಗೋಳಿಬಜೆ ತಟ್ಟೆ ಮೇಜಿಗೆ ಒಂದು ಸುತ್ತು ಬರುವಷ್ಟು ಹೊತ್ತು ವಾದ, ಆಮೇಲೆ ತೀರ್ಪು. (ಚಟ್ನಿ ಕೈಯಲ್ಲಿ ಪುಸ್ತಕ ಮುಟ್ಟುವ ಹಾಗಿಲ್ಲ. ಈ ನಿಯಮದಲ್ಲಿ ಮಾತ್ರ ಯಾವ ಅಸ್ಪಷ್ಟತೆಯೂ ಇಲ್ಲ.) ತೀರಾ ಸಮ ಸಮ ಆದರೆ ಸಂಶಯದ ಲಾಭ ಆಟಗಾರನಿಗೆ, ಆ ದಿನದ ಮಟ್ಟಿಗೆ. ಹಳೆ ಲೆಕ್ಕದ ಪುಸ್ತಕ ಒಂದರಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತೇನೆ, ವಾರದಲ್ಲಿ ಸಮಾಧಾನವಾಗಿ ಓದಿ, ಮುಂದಿನ ಭಾನುವಾರ ಶಾಯಿಯಲ್ಲಿ ಬರೆಯುವುದೋ ಅಳಿಸುವುದೋ ನೋಡುತ್ತೇನೆ.

2024ರ ಪುಸ್ತಕಕ್ಕೆ ಬದಲಾದ ಮೇಲೆ ಹಳೆ ತೀರ್ಪುಗಳಲ್ಲಿ ಹಲವನ್ನು ಹೊಡೆದುಹಾಕಿದ್ದಾಯಿತು. ಹೊಸತು ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಈಗ ಬಚ್ಚಿಟ್ಟುಕೊಂಡು ಸ್ಟೆಲ್ತ್‌ನಲ್ಲಿ (ಅಡಗುವ ಕೌಶಲದ ಡೈಸ್‌ನಲ್ಲಿ) 15 ಅಥವಾ ಹೆಚ್ಚು ಬಂದವರಿಗೂ ಅದೇ ‘ಇನ್ವಿಸಿಬಲ್’ ಸ್ಥಿತಿ ಸಿಗುತ್ತದೆ. ಪಿಸುಮಾತಿಗಿಂತ ಜೋರಾಗಿ ಶಬ್ದ ಮಾಡಿದರೆ, ಏಟು ಬೀಸಿದರೆ, ಬಾಯಲ್ಲಿ ಮಂತ್ರ ಹೇಳಿದರೆ ಅಥವಾ ಶತ್ರು ಕಂಡುಹಿಡಿದರೆ ಅದು ಹೋಗುತ್ತದೆ. ಹಾಗಾದರೆ ಕಂಬದ ಮರೆಯಿಂದ ಎದ್ದು ಕಾವಲುಗಾರನ ಮೂಗಿನ ಎದುರೇ ನಡೆದುಹೋಗಬಹುದಲ್ಲ, ಅವನು ಪರ್ಸೆಪ್ಷನ್ (ಗಮನಿಸುವ ಕೌಶಲ) ಡೈಸ್ ಹಾಕಿ ಗೆಲ್ಲುವ ತನಕ ಕಂಡುಹಿಡಿದ ಹಾಗಾಗುವುದಿಲ್ಲ ಎನ್ನುತ್ತಾನೆ ನಮ್ಮ ರೋಗ್ (ಕಳ್ಳ) ಪಾತ್ರದ ಹುಡುಗ. ಗಾಬ್ಲಿನ್ ಪ್ರಶ್ನೆ ಹಾಕಿದೆ, ಅವನು ಜಗ್ಗಲಿಲ್ಲ, ಗಾಬ್ಲಿನ್ ಕೂಡ ಹಾಗೇ ಬರಲಿ ಎಂದ. ವಿಝರ್ಡ್ ಹುಡುಗಿ ಮಾತ್ರ ಒಪ್ಪಲಿಲ್ಲ, ಕತ್ತಿ ಬೀಳುವುದು ತನ್ನ ಬೆನ್ನಿಗೆ ಎಂದು ಅವಳಿಗೆ ಗೊತ್ತು. ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಇರುವುದು: ಯಾವ ಮರೆಯೂ ಇಲ್ಲದೆ ಶತ್ರುವಿನ ನೇರ ನೋಟಕ್ಕೆ ಬಿದ್ದರೆ ಕಂಡುಹಿಡಿದಂತೆಯೇ. ಅವನು ಬೇರೆ ಕಡೆ ತಿರುಗಿದ್ದರೆ, ಅಥವಾ ಯಾರಾದರೂ ಮಾತಿಗೆ ಹಿಡಿದಿದ್ದರೆ, ಒಂದು ಸರದಿಯ ಓಟಕ್ಕೆ ರಿಯಾಯಿತಿ. ವಕೀಲರು ಇದರ ಮೇಲೆ ಅಪೀಲು ಹಾಕಿದ್ದಾರೆ.