ಯಜಮಾನಿಕೆ ಕೈ ಬದಲಾಗುವ ಅರ್ಧ ಗಂಟೆ: ಬರ್ಟನ್ ಸಿಕ್ಲಿಡ್ ಪ್ರಯೋಗ

ಆಫ್ರಿಕಾದ ಟ್ಯಾಂಗನಿಕಾ ಸರೋವರದ ಬರ್ಟನ್ ಸಿಕ್ಲಿಡ್ ಎಂಬ ಮೀನಿನ ಗಂಡುಗಳಲ್ಲಿ ಎರಡು ದರ್ಜೆ. ಜಾಗ ಹಿಡಿದದ್ದು ಯಜಮಾನ: ಹಳದಿ ಅಥವಾ ನೀಲಿ ಮೈ, ಕಣ್ಣಿನಿಂದ ದವಡೆಗೆ ಇಳಿಯುವ ಕಪ್ಪು ಪಟ್ಟೆ. ಜಾಗ ಸಿಗದ ಅಡಿಯಾಳು ಹೆಣ್ಣಿನ ಹಾಗೆ ಮಾಸಲು. ಯಜಮಾನನನ್ನು ತೆಗೆದಾಗ ಅಡಿಯಾಳು ಆ ಪದವಿಗೆ ಹೇಗೆ ಏರುತ್ತದೆ ಎಂದು ನೋಡುವುದೇ ಈ ಪ್ರಯೋಗ.

100 ಲೀಟರಿಗೆ ಕಡಿಮೆಯಿಲ್ಲದ ಟ್ಯಾಂಕ್ ಬೇಕು. ನೀರು 26–28 ಡಿಗ್ರಿ, ಪಿಎಚ್ 8ರ ಆಸುಪಾಸು, ದಿನಕ್ಕೆ 12 ಗಂಟೆ ಬೆಳಕು. ಗಡಸು ಬೋರ್‌ವೆಲ್ ನೀರು ಇದಕ್ಕೆ ಒಗ್ಗುತ್ತದೆ, ಮಳೆನೀರು ಒಗ್ಗದು. ತಳಕ್ಕೆ ಸಣ್ಣ ಜಲ್ಲಿ ಹಾಸಿ, ಅರ್ಧ ಒಡೆದ ಮಣ್ಣಿನ ಕುಂಡ ಒಂದನ್ನೇ ಇಡಿ. ಎರಡಿಟ್ಟರೆ ಇಬ್ಬರು ಯಜಮಾನರಾಗುತ್ತಾರೆ, ಪ್ರಯೋಗ ಕೆಟ್ಟಿತು. ದೊಡ್ಡ ಗಂಡೊಂದು, ಅದಕ್ಕಿಂತ ತುಸು ಚಿಕ್ಕದೊಂದು, ಮೂರ್ನಾಲ್ಕು ಹೆಣ್ಣು ಸಾಕು. ಎರಡು ವಾರ ಬಿಡಿ.

ದೊಡ್ಡದನ್ನು ಹಗಲಲ್ಲಿ ಬಲೆ ಹಾಕಿ ಹಿಡಿಯಬೇಡಿ. ಉಳಿದವೆಲ್ಲ ಬೆದರಿ ಮೂಲೆ ಸೇರುತ್ತವೆ, ಬಣ್ಣವೂ ಇಳಿಯುತ್ತದೆ. ದೀಪ ಹತ್ತುವುದಕ್ಕೆ ಒಂದು ಗಂಟೆ ಮುಂಚೆ, ಕತ್ತಲಲ್ಲೇ ತೆಗೆಯಿರಿ. ಬೆಳಕಾದ ಮೇಲೆ ಅರ್ಧ ಗಂಟೆ ಅಲುಗಾಡದೆ ಕೂತು ಚಿಕ್ಕ ಗಂಡನ್ನು ನೋಡಿ ಬರೆದುಕೊಳ್ಳಿ: ಪಟ್ಟೆ ಎಷ್ಟು ಹೊತ್ತಿಗೆ ಮೂಡಿತು, ಯಾರನ್ನು ಅಟ್ಟಿತು, ಹೆಣ್ಣಿನ ಮುಂದೆ ಮೈ ನಡುಗಿಸಿತೇ, ಜಲ್ಲಿ ಬಾಯಲ್ಲಿ ಕಚ್ಚಿ ಗುಂಡಿ ತೋಡಿತೇ. ಪಟ್ಟೆ ಬರಲು ಕೆಲವೇ ನಿಮಿಷ ಸಾಕು. ಅರ್ಧ ಗಂಟೆಯೊಳಗೆ, ಸಂತಾನಶಕ್ತಿಯನ್ನು ನಿಯಂತ್ರಿಸುವ ಜಿಎನ್‌ಆರ್‌ಎಚ್ ಹಾರ್ಮೋನು ಸ್ರವಿಸುವ ನರಕೋಶಗಳಿರುವ ಮಿದುಳಿನ ಪ್ರೀಆಪ್ಟಿಕ್ ಭಾಗದಲ್ಲಿ ಇಜಿಆರ್-1 ಜೀನ್ (ನರಕೋಶ ಪ್ರಚೋದನೆಗೊಂಡಾಗ ಬೇಗ ಎಚ್ಚರಗೊಳ್ಳುವ ಜೀನ್) ಚುರುಕಾಗುತ್ತದೆ. ಆ ಕೋಶಗಳೂ ವೃಷಣವೂ ದೊಡ್ಡದಾಗಲು ಮಾತ್ರ ದಿನಗಳು ಬೇಕು, ಪದವಿ ಹೋದಾಗ ಕುಗ್ಗಲು ಇನ್ನೂ ಹೆಚ್ಚು ದಿನ.

ಹಾರ್ಮೋನು ಅಳೆಯಲು ರಕ್ತ ತೆಗೆಯಲೇಬೇಕೆಂದಿಲ್ಲ. ಸ್ಟೆರಾಯ್ಡ್ ಹಾರ್ಮೋನುಗಳು ಕಿವಿರಿನ ಮೂಲಕ ನೀರಿಗೆ ಸೋರುತ್ತವೆ. ಆಲ್ಕೋಹಾಲಿನಿಂದ, ಆಮೇಲೆ ಡಿಸ್ಟಿಲ್ಡ್ ನೀರಿನಿಂದ ತೊಳೆದ ಗಾಜಿನ ಬೀಕರಿಗೆ, ಮೀನು ಬಿಟ್ಟಿರದ ಅದೇ ಗುಣದ ಹೊಸ ನೀರು 300 ಮಿ.ಲೀ. ಹಾಕಿ ಮೀನನ್ನು ಒಂದು ಗಂಟೆ ಬಿಡಿ. ಕೈಗೆ ಗ್ಲೌಸ್ ಇರಲಿ, ನಮ್ಮ ಚರ್ಮದ ಸ್ಟೆರಾಯ್ಡೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹೋಲಿಕೆಗೆ ಅದೇ ನೀರಿನ, ಮೀನಿಲ್ಲದ ಬೀಕರ್ ಒಂದು ಪಕ್ಕದಲ್ಲಿರಲಿ. ಎರಡೂ ಬೀಕರಿನ ನೀರನ್ನು ಸ್ಟೆರಾಯ್ಡ್ ಹಿಡಿದಿಡುವ ಸಿ18 ಕಾರ್ಟ್ರಿಜ್ ಮೂಲಕ ಹಾಯಿಸಿ, ಲ್ಯಾಬಿನಲ್ಲಿ ಎಲೈಸಾ (ಪ್ರತಿಕಾಯಗಳಿಂದ ಹಾರ್ಮೋನು ಅಳೆಯುವ ಪರೀಕ್ಷೆ) ಮಾಡಿಸಿ 11-ಕೀಟೋಟೆಸ್ಟೋಸ್ಟೆರಾನ್ (ಮೀನಿನ ಗಂಡು ಹಾರ್ಮೋನು), ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ನೋಡಬಹುದು.

ಹೆಚ್ಚಿನವರು ಎಡವುವುದು ಕಾರ್ಟಿಸಾಲ್‌ನಲ್ಲಿ. ಮೊದಲ ಸಲ ಬೀಕರಿಗೆ ಬಿದ್ದ ಮೀನಿನ ಅಂಕಿ ಭಯದ ಅಂಕಿ, ದರ್ಜೆಯದ್ದಲ್ಲ. ಮೂರ್ನಾಲ್ಕು ದಿನ ಸುಮ್ಮನೆ ಬೀಕರಿಗೆ ಬಿಟ್ಟು ಅಭ್ಯಾಸ ಮಾಡಿಸಿ, ಪ್ರತಿ ಸಲ ಒಂದೇ ಹೊತ್ತಿಗೆ ನೀರು ತೆಗೆಯಿರಿ, ಫಲಿತಾಂಶವನ್ನು ಮೀನಿನ ತೂಕದಿಂದ ಭಾಗಿಸಿ.

ಹಳೆಯ ಯಜಮಾನನನ್ನು ಅದೇ ಟ್ಯಾಂಕಿಗೆ ವಾಪಸ್ ಬಿಡಬೇಡಿ. ಅಡಗಲು ಎಡೆಯಿಲ್ಲದ ಸೋತ ಮೀನು ರೆಕ್ಕೆ ಹರಿಸಿಕೊಂಡು ಸಾಯುವುದುಂಟು.