ಮಾತ್ರೆಯ ಬೆಲೆ ಜಾಸ್ತಿಯಾ? ನಾನು ನೋಡುವ ಬಗೆ

ಅಮ್ಮನ ಬಿಪಿ ಮಾತ್ರೆ ತಂದು ತಂದು ನನಗೊಂದು ಅಭ್ಯಾಸ ಬಂದಿದೆ. ಅಂಗಡಿಗೆ ಹೊರಡುವ ಮೊದಲು ಖಾಲಿ ಸ್ಟ್ರಿಪ್ ತಿರುಗಿಸಿ ಓದುತ್ತೇನೆ. ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಸಣ್ಣಕ್ಷರದಲ್ಲಿರುವ ಔಷಧದ ಹೆಸರು: ಅಮ್ಲೋಡಿಪಿನ್, 5 ಮಿ.ಗ್ರಾಂ. ಯಾವ ದೇಶಕ್ಕೆ ಹೋದರೂ ಹೆಚ್ಚುಕಮ್ಮಿ ಇದೇ ಹೆಸರು. ನೀವೂ ಅದನ್ನೇ ಬರೆದಿಟ್ಟುಕೊಳ್ಳಿ, ಪ್ರಮಾಣ ಮರೀಬೇಡಿ.

ಆಮೇಲೆ ಅದು ಅಗತ್ಯ ಔಷಧಗಳ ಪಟ್ಟಿಯಲ್ಲಿದೆಯಾ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಇಂಥ ಮೊದಲ ಪಟ್ಟಿ ಮಾಡಿತು. ಎರಡು ವರ್ಷಕ್ಕೊಮ್ಮೆ ತಿದ್ದುತ್ತಾರೆ. 2023ರದ್ದರಲ್ಲಿ 502 ಔಷಧಗಳಿದ್ದವು. ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಇದನ್ನು ನೋಡಿಕೊಂಡು ಬಹಳಷ್ಟು ದೇಶಗಳು ತಮ್ಮದೇ ಪಟ್ಟಿ ಮಾಡಿಕೊಂಡಿವೆ. ಬೆಲೆಗೆ ಮಿತಿ ಹಾಕುವಾಗ ಕೆಲವು ಸರ್ಕಾರಗಳು ಹಿಡಿಯುವುದು ಆ ಪಟ್ಟಿಯನ್ನೇ. ಹಾಗಾಗಿ ನಿಮ್ಮ ದೇಶದ ಪಟ್ಟಿ ತಪ್ಪದೆ ನೋಡಿ. ಹೆಸರಷ್ಟೇ ಅಲ್ಲ, ಪ್ರಮಾಣವೂ ರೂಪವೂ (ಮಾತ್ರೆಯೋ ಸಿರಪ್ಪೋ ಎಂಬುದು) ಹೊಂದಬೇಕು.

ನಾನು ಎಡವಿದ್ದು ಇಲ್ಲೇ. ಒಮ್ಮೆ ಅಮ್ಮನ ಮಾತ್ರೆಯ ಹೆಸರಿನ ಕೊನೆಗೆ ಎರಡಕ್ಷರ ಸೇರಿಕೊಂಡಿತ್ತು. ಅದು ಎರಡು ಔಷಧ ಬೆರೆಸಿದ ಮಾತ್ರೆ. ಮೂರು ತಿಂಗಳು ಸುಮ್ನೆ ದುಡ್ಡು ಕೊಟ್ಟೆ. ಒಂಟಿ ಔಷಧಕ್ಕೆ ಮಿತಿ ಇದ್ದರೂ ಬೆರಕೆಗೆ ಇರಲೇಬೇಕೆಂದಿಲ್ಲ. ಬೆರಕೆಯೆಲ್ಲ ಮೋಸ ಅಂತಲ್ಲ, ಕೆಲವರಿಗೆ ಅದೇ ಅನುಕೂಲ. "ಎರಡೂ ಬೇಕಾ ಡಾಕ್ಟ್ರೇ?" ಎಂದು ಕೇಳಿಬಿಡಿ. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಕೇಳಿ.

ಒಂದೇ ಔಷಧಕ್ಕೆ ಬೇರೆ ಬೇರೆ ಕಂಪನಿಗಳ ಬೆಲೆ ಹೋಲಿಸುವಾಗ ಸ್ಟ್ರಿಪ್‌ನದ್ದು ಬೇಡ, ಒಂದು ಮಾತ್ರೆಯದ್ದು ಲೆಕ್ಕ ಹಾಕಿ. ಒಂದರಲ್ಲಿ 10 ಇರುತ್ತೆ, ಇನ್ನೊಂದರಲ್ಲಿ 14. ಆಮೇಲೆ ತಿಂಗಳ ಖರ್ಚನ್ನು ಒಂದು ದಿನದ ದುಡಿಮೆಯಿಂದ ಭಾಗಿಸಿ. ಔಷಧ ಕೈಗೆಟಕುತ್ತದೆಯೇ ಎಂದು ಅಳೆಯುವವರ ಲೆಕ್ಕವೂ ಇಂಥದ್ದೇ: ಸರ್ಕಾರಿ ಕೆಲಸದಲ್ಲಿ ಅತಿ ಕಡಿಮೆ ಸಂಬಳದವರು ಈ ಔಷಧಕ್ಕಾಗಿ ಎಷ್ಟು ದಿನ ದುಡಿಯಬೇಕು?

ಅಗ್ಗದ್ದು ಸಿಕ್ಕಿತೆಂದು ಎಲ್ಲವನ್ನೂ ನೀವೇ ಬದಲಾಯಿಸಬೇಡಿ. ಥೈರಾಯ್ಡಿನ ಲೀವೋಥೈರಾಕ್ಸಿನ್, ಮೂರ್ಛೆಯ ಫೆನಿಟೋಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವುಗಳ ಪ್ರಮಾಣ ಕೂದಲೆಳೆಯಷ್ಟು ಏರುಪೇರಾದರೂ ತೊಂದರೆ. ಇವನ್ನು ಬದಲಿಸುವುದಾದರೆ ಡಾಕ್ಟರಿಗೆ ಹೇಳಿಯೇ.

ಮಿತಿಗಿಂತ ಜಾಸ್ತಿ ತೆಗೆದುಕೊಂಡರಾ? ಬಿಲ್ಲು, ಬ್ಯಾಚ್ ನಂಬರ್ ಕಾಣುವ ಸ್ಟ್ರಿಪ್ಪು, ಎರಡನ್ನೂ ಇಟ್ಟುಕೊಂಡು ಬೆಲೆ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ದೂರು ಕೊಡಿ. ಬಿಲ್ಲಿನ ಫೋಟೋ ಅವತ್ತೇ ತೆಗೆಯಿರಿ. ಮೆಷಿನ್ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ.