ಬಸ್ಸಿನ ಧೂಳು ಅಳೆಯುವ ಡಬ್ಬಿ: ನನ್ನ ಅನುಭವ

ಎರಡು ಸಾವಿರ ರೂಪಾಯಿಯ ಸೆನ್ಸರ್ ಹಿಡಿದು ಬಿಎಂಟಿಸಿ ಬಸ್ಸಿನ ಗಾಳಿಯಲ್ಲಿನ ಧೂಳು ಅಳೆಯೋದು ಮಕ್ಕಳಾಟ ಅಂದವರೇ ಹೆಚ್ಚು. ಈಗ ಜಯನಗರ 5ನೇ ಬ್ಲಾಕಿನ ಸರ್ಕಾರಿ ಅಳತೆ ಕೇಂದ್ರದ ಗಂಟೆವಾರು ಲೆಕ್ಕಕ್ಕೂ ಈ ಡಬ್ಬಿಗೂ ಸುಮಾರು 15 ಪರ್ಸೆಂಟ್ ಒಳಗಿನ ವ್ಯತ್ಯಾಸ. ಮಳೆಗಾಲದ್ದು ಬೇರೆ ಮಾತು: ತೇವಾಂಶ 80 ಪರ್ಸೆಂಟ್ ದಾಟಿದರೆ ನೀರು ಕುಡಿದ ಕಣವೂ ದಪ್ಪಗೆ ಕಾಣುತ್ತೆ, ಆ ಸಾಲುಗಳನ್ನೆಲ್ಲ ಕಿತ್ತುಹಾಕಿದ್ದೇನೆ.

ಪಿಎಂಎಸ್‌5003 (ಧೂಳಿನ ಸೆನ್ಸರ್), ಇಎಸ್‌ಪಿ32 (ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡು), ಜಿಪಿಎಸ್, ಎಸ್‌ಡಿ ಕಾರ್ಡ್ ಎಲ್ಲ ಸೇರಿ ಮೂರೂವರೆ ಸಾವಿರ ಆಗಿತ್ತು. ಕೆಟ್ಟುಹೋದ ಪ್ರಯೋಗಗಳಿಗೆ ಅದರ ಎರಡರಷ್ಟು.

ಮೊದಲು ಕೈಕೊಟ್ಟಿದ್ದು ಪವರ್ ಬ್ಯಾಂಕ್. ಇಎಸ್‌ಪಿ ನಿದ್ದೆಗೆ ಹೋಗಿ ಕರೆಂಟ್ ಇಳಿದರೆ, ಫೋನ್ ಚಾರ್ಜ್ ಆಯ್ತು ಅಂದುಕೊಂಡು ತಾನೂ ಆಫ್. 5 ವೋಲ್ಟ್‌ಗೆ ಅಡ್ಡಲಾಗಿ 47 ಓಮ್ ರೆಸಿಸ್ಟರ್ ಹಾಕಿ ಸದಾ ಸ್ವಲ್ಪ ಕರೆಂಟ್ ಎಳೆಯುವಂತೆ ಮಾಡಿದ ಮೇಲೆ ಆ ಕಾಟ ನಿಂತಿತು. ಅರ್ಧ ವ್ಯಾಟಿನದು ಸುಟ್ಟೀತು, 2 ವ್ಯಾಟಿನದೇ ಬೇಕು. ಆಮೇಲೆ ಮೂರು ವಾರದ ಡೇಟಾ ಒಂದೂವರೆ ಪಟ್ಟು ಜಾಸ್ತಿ ಬಂತು: ಸೆನ್ಸರ್ ಎರಡು ಬಗೆಯ ಲೆಕ್ಕ ಕೊಡುತ್ತೆ; ಓದಬೇಕಿದ್ದದ್ದು ಹೊರಗಾಳಿಯ ಕಾಲಂ, ಓದಿದ್ದು ಕಾರ್ಖಾನೆ ಮಾಪನದ ಸಿಎಫ್‌-1. ಇನ್ನು, ಸೆನ್ಸರಿನಲ್ಲಿ ಗಾಳಿ ಒಳಗೆಳೆಯುವ ತೂತು, ಹೊರಬಿಡುವ ಫ್ಯಾನು ಎರಡೂ ಒಂದೇ ಮುಖದಲ್ಲಿವೆ. ನಡುವೆ ಗೋಡೆ ಇಡದಿದ್ದರೆ ಬಿಟ್ಟ ಗಾಳಿಯನ್ನೇ ಮತ್ತೆ ಕುಡಿಯುತ್ತೆ. ಗೋಡೆ ಫೋಮಿನದು, ಎಷ್ಟು ದಪ್ಪ, ಎಲ್ಲಿ ಕತ್ತರಿಸೋದು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೆಟ್ರೋದಲ್ಲೂ ಅಳೆಯೋದಾದರೆ, ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್‌ವರೆಗೆ ಅದು ನೆಲದಡಿ, ಜಿಪಿಎಸ್ ಸತ್ತಿರುತ್ತೆ. ನಿಲ್ದಾಣದ ಹೊತ್ತು ಚೀಟಿಯಲ್ಲಿ ಬರೆದುಕೊಳ್ಳಿ. ಸುರಂಗದ ಧೂಳಲ್ಲಿ ಗಾಲಿ, ಹಳಿ, ಬ್ರೇಕು ಸವೆದ ಕಬ್ಬಿಣ ಜಾಸ್ತಿ. ಸೆನ್ಸರಿಗೆ ಕಾಣೋದು ಚದುರಿದ ಬೆಳಕು ಮಾತ್ರ, ತೂಕ ಅಲ್ಲ. ರಸ್ತೆಯ ಧೂಳಿಗೆಂದು ಲೆಕ್ಕ ಹಾಕಿದ ತಿದ್ದುಪಡಿಯನ್ನೇ ಅಲ್ಲಿಗೂ ಹಾಕಿದರೆ ಮೆಟ್ರೋ ಇರೋದಕ್ಕಿಂತ ಚೊಕ್ಕಟ ಅನ್ನಿಸಿಬಿಡುತ್ತೆ.

ಸೆನ್ಸರ್ ತೋರಿಸಿದ್ದಷ್ಟೇ ಬರೆದರೆ ಅರ್ಧ ಕೆಲಸ. ಎಷ್ಟು ಉಸಿರೆಳೆದರು ಅನ್ನೋದು ಸೇರಬೇಕು. ಕೂತವರಿಗೆ ನಿಮಿಷಕ್ಕೆ 10 ಲೀಟರ್, ನಡೆಯುವವರಿಗೆ 20 ಅಂತ ಹಿಡಿದಿದ್ದೇನೆ. ಘನ ಮೀಟರಿಗೆ 60 ಮೈಕ್ರೋಗ್ರಾಂ ಧೂಳು ಇರೋ ಬಸ್ಸಲ್ಲಿ 40 ನಿಮಿಷ ಕೂತರೆ ಎದೆಗಿಳಿಯೋದು 24 ಮೈಕ್ರೋಗ್ರಾಂ. 80 ಇರೋ ರಸ್ತೆಬದಿಯಲ್ಲಿ ಸ್ಟಾಪಿನವರೆಗೆ 15 ನಿಮಿಷ ನಡೆದರೂ ಅದೇ 24. ಸಿಲ್ಕ್ ಬೋರ್ಡ್ ಕಡೆಯ ಓಡಾಟಗಳಲ್ಲಿ ಧೂಳಿನ ಹೆಚ್ಚಿನ ಪಾಲು ಬಸ್ಸು ಹತ್ತೋ ಮೊದಲೇ ಎದೆಗಿಳಿದಿರುತ್ತಿತ್ತು. ಒಂದೇ ಬಸ್ಸಲ್ಲೂ ಮುಂಬಾಗಿಲ ಹತ್ತಿರ ಧೂಳಿನ ಏರಿಳಿತ ಜಾಸ್ತಿ. ಡಬ್ಬಿ ಮೂಗಿನೆತ್ತರಕ್ಕಿರಲಿ, ಬ್ಯಾಗಿನೊಳಗಲ್ಲ.

ಇದರ ಜೊತೆಗೇ ಬಿಎಂಟಿಸಿಯ ಎಸಿ ಬಸ್ಸು ವಜ್ರದಲ್ಲಿ ಇಂಗಾಲದ ಡೈಆಕ್ಸೈಡೂ ನೋಡಿದೆ, ಎಂಎಚ್‌-ಝಡ್‌19 ಅನ್ನೋ ಸೆನ್ಸರ್ ಇಟ್ಟು. ಧೂಳು ಕಮ್ಮಿ, ಆದರೆ ಜನ ತುಂಬಿದರೆ ಆ ಅನಿಲ 2000 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಸಾವಿರ ಪಾಲು) ಹತ್ತಿರ. ಆ ಸೆನ್ಸರಿನ ಸ್ವಯಂ ತಿದ್ದುಪಡಿ ಆಫ್ ಮಾಡಿ; ಇಲ್ಲದಿದ್ದರೆ ರಾತ್ರಿಯಿಡೀ ಮುಚ್ಚಿದ ಕೋಣೆಯ ಗಾಳಿಯನ್ನೇ ಹೊರಗಾಳಿಯ 400 ಅಂದುಕೊಂಡು ಬೆಳಗ್ಗೆ ಸುಳ್ಳು ಹೇಳುತ್ತೆ.